ಕೇಬಲ್ ಕೇಸು ಬಿದ್ದುಹೋದ ಮೇಲೆ

ಸುಕನ್ಯ ಹಾಲಿನ ಕ್ಯಾನು ಉಜ್ಜುತ್ತಿದ್ದಳು. ಜಗಲಿಯ ಮೇಲೆ ಅವಳ ಗಂಡ ಮುನೀಂದ್ರ ಪೆನ್ನು ಹಿಡಿದು ಅರ್ಜಿಯನ್ನೇ ನೋಡುತ್ತ ಕೂತಿದ್ದ. ಬಂಗಾರಪೇಟೆಯ ಶಾಲೆಯೊಂದರಲ್ಲಿ ವ್ಯಾನ್ ಓಡಿಸುವ ಕೆಲಸ ಸಿಕ್ಕಿತ್ತು. ಪೊಲೀಸ್ ಪರಿಶೀಲನೆ ಮಾತ್ರ ಬಾಕಿ. ಅರ್ಜಿಯಲ್ಲಿ ಕೇಳಿದ್ದರು: ನಿಮ್ಮ ಮೇಲೆ ಎಂದಾದರೂ ಕೇಸು ದಾಖಲಾಗಿತ್ತೇ?

ದಾಖಲಾಗಿತ್ತು. ಬೂದಿಕೋಟೆ ಕಡೆ ಯಾರದೋ ಬೋರ್‌ವೆಲ್ ಕೇಬಲ್ ಕಳುವಾದಾಗ, ಆ ದಾರಿಯಲ್ಲಿ ಬರುತ್ತಿದ್ದ ಮುನೀಂದ್ರನನ್ನೂ ಹಿಡಿದಿದ್ದರು. ಸಾಕ್ಷಿ ಇಲ್ಲವೆಂದು ಕೋರ್ಟು ಬಿಡುಗಡೆ ಮಾಡಿತ್ತು.

"ಇಲ್ಲ ಅಂತ ಬರ್ದಾಕ್ಲಾ," ಅಂದಳು ಅವನ ತಾಯಿ ಮುನಿನಾರಾಯಣಮ್ಮ. "ಮುಗ್ದೋದ ಶನಿ ಅದು. ಕೋರ್ಟಿನ ಕಾಗ್ದಾನೆಲ್ಲ ಅವತ್ತೇ ನೀರೊಲೆಗೆ ಆಕಿ, ಆ ಬಿಸ್ನೀರೇ ನಿನ್ ತಲೆಗೆ ಉಯ್ದಿಲ್ವಾ?"

ಮಹಿಳಾ ಸಂಘದ ಮೀಟಿಂಗಿಗೆ ಸುಕನ್ಯಳನ್ನು ಕರೆಯಲು ಬಂದಿದ್ದ ಕಲಾ ಬಾಗಿಲಲ್ಲೇ ನಿಂತಳು. ಕೆ.ಜಿ.ಎಫ್.ನವಳು, ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿ.

"ಅಯ್ಯಯ್ಯೋ ಅಮ್ಮಾ! ನಿಮ್ಮ ಮಗ ಕಳ್ಳ ಅಲ್ಲ ಅನ್ನೋ ಕಾಗದಾನೇ ಸುಟ್ಟಿದ್ದೀರ. ಕೇಸು ಠಾಣೆಯ ಕಂಪ್ಯೂಟರಲ್ಲಿ ಹಂಗೇ ಕೂತಿರುತ್ತೆ."

"ಬಿಟ್ಮೇಲೂನಾ?" ಮುನೀಂದ್ರ ತಲೆಯೆತ್ತಿದ.

"ಬಿಟ್ಮೇಲೂ ಅಣ್ಣ. ಹೆಸರು ಒತ್ತಿದ್ರೆ ಬರುತ್ತೆ. ಬಿಡುಗಡೆ ಆಗಿದ್ದು ಎಷ್ಟೋ ಸಲ ಅದರಲ್ಲಿ ಏರಿರಲ್ಲ. ನೀನು ಇಲ್ಲ ಅಂತ ಬರೆದ್ರೆ, ಆ ಸುಳ್ಳಿಗೇ ಕೆಲಸ ಹೋಗುತ್ತೆ."

"ನಿಜ ಬರುದ್ರೆ ಕೆಲ್ಸ ಕೊಡ್ತಾರಾಕ್ಕ?" ಸುಕನ್ಯ ಮೆಲ್ಲಗೆ ಕೇಳಿದಳು.

ಕಲಾ ತಕ್ಷಣ ಹೂಂ ಅನ್ನಲಿಲ್ಲ. "ಗ್ಯಾರಂಟಿ ಹೇಳಲ್ಲಮ್ಮ. ಕೈಲಿ ತೀರ್ಪು ಇದ್ರೆ ಮಾತಾಡೋಕೆ ಧೈರ್ಯ ಇರುತ್ತೆ. ಕೋರ್ಟಿಗೆ ಅರ್ಜಿ ಹಾಕಿ ದೃಢೀಕೃತ ನಕಲು ತಗೊಳ್ಳಿ. ಒಂದನ್ನ ಠಾಣೆಗೆ ಕೊಟ್ಟು, ಕೊಟ್ಟಿದ್ದಕ್ಕೆ ಸೀಲು ಹಾಕಿಸ್ಕೊಳ್ಳಿ."

"ಆ ಶನೀನ ಮತ್ತೆ ಮನೇಗಾ?"

"ದೇವರ ಗೂಡಲ್ಲೇ ಇಡಿ ಅಮ್ಮ. ಒಲೆಯಿಂದ ದೂರ!"

ಮುದುಕಿಗೂ ನಗು ಬಂತು. ಮುನೀಂದ್ರ ನಗಲಿಲ್ಲ. 'ಹೌದು. ಕೋರ್ಟಿನಿಂದ ಬಿಡುಗಡೆಯಾಗಿದೆ' ಎಂದು ಬರೆದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯವರ ಮೇಲಿದ್ದ ಕೇಸೂ ಬಿದ್ದುಹೋಗಿದೆಯೇ? ತೀರ್ಪಿನ ನಕಲು ಇದೆಯೇ ಎಂದು ಇವತ್ತೇ ಹುಡುಕಿ. ಇಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ. ಹೆಂಗಸರಿಗೆ, ಬಡವರಿಗೆ ಅಲ್ಲಿ ವಕೀಲರ ನೆರವು ಉಚಿತ. ಕೆಲಸ ಸಿಕ್ಕಾಗ ನೋಡೋಣ ಎಂದು ಕೂರಬೇಡಿ. ನಕಲು ಕೈಗೆ ಬರುವವರೆಗೂ, ಶಾಲೆಯವರು ಎಷ್ಟು ದಿನ ಕಾದಾರು ಅನ್ನುವ ಹೆದರಿಕೆಯಲ್ಲಿ ಸುಕನ್ಯ ದಿನ ಎಣಿಸುತ್ತಿದ್ದಳು.

ನಕಲು ಬಂದ ದಿನ ಅವಳೂ ಗಂಡನ ಜೊತೆ ಠಾಣೆಗೆ ಹೋದಳು. ಮೇಜಿನ ಹಿಂದಿದ್ದವರು ಕಾಗದಕ್ಕೆ ಸೀಲು ಒತ್ತಿಕೊಟ್ಟು ಕಂಪ್ಯೂಟರಿನ ಕಡೆ ತಿರುಗಿದರು. ಮುನೀಂದ್ರ ಸೀಲು ಬಿದ್ದ ಕಾಗದ ಮಡಚಿ ಜೇಬಿಗಿಟ್ಟು ಬಾಗಿಲ ಕಡೆ ತಿರುಗಿದ. ಯಾರ ಮುಂದೂ ದನಿ ಎತ್ತದ ಸುಕನ್ಯ ಸೆರಗು ಬಿಗಿ ಹಿಡಿದು ಒಂದು ಹೆಜ್ಜೆ ಮುಂದೆ ಬಂದಳು.

"ಸಾರ್, ಅದ್ರಲ್ಲೂ ಬಿಡುಗಡೆ ಅಂತ ಬರೀರಿ."

ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ; ಸುಕನ್ಯ ಮೇಜಿನ ಮುಂದಿನಿಂದ ಕದಲಲಿಲ್ಲ.