ಬಾದಾಮಿ ಚಿತ್ರದ ಪೊಟ್ಟಣ

ಹೊಸನಗರ ಪೇಟೆಯ ಸುರೇಂದ್ರನ ಮನೆಗೆ ಯಾರೇ ಬರಲಿ, ಚಪ್ಪಲಿ ಬಿಡುವ ಮೊದಲೇ ಅವರ ಕೈ ಚೀಲದೊಳಗೆ ಹೋಗುತ್ತದೆ. ಮಗುವಿರುವ ಮನೆಗೆ ಬರಿಗೈಯಲ್ಲಿ ಬರಬಾರದೆಂಬುದು ನಮ್ಮ ಕಡೆಯ ಹಳೆಯ ಪದ್ಧತಿ. ಪದ್ಧತಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಮೊದಲೆಲ್ಲ ಒಂದು ಚಿಪ್ಪು ಬಾಳೆಹಣ್ಣು ಬರುತ್ತಿತ್ತು, ಆಮೇಲೆ ಬಿಸ್ಕತ್ತು ಬಂತು. ಈಗ ಬಿಸ್ಕತ್ತು ತಂದವರು ಜಿಪುಣರು. ಈಗ ತರಬೇಕಾದದ್ದು ಮಕ್ಕಳ ಎನರ್ಜಿ ಬಾರ್: ಗೇಣುದ್ದವೂ ಇಲ್ಲದ ಪೊಟ್ಟಣ, ಮೇಲೆ ಬಾದಾಮಿ ಸುರಿಯುವ ಚಿತ್ರ, ತೋಳು ತೋರಿಸುವ ಹುಡುಗ. ಕೊಟ್ಟವರಿಗೂ ಹೆಮ್ಮೆ, ತೆಗೆದುಕೊಂಡವರಿಗೂ ಹೆಮ್ಮೆ. ಮಗುವಿನ ಹೊಟ್ಟೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಸುರೇಂದ್ರನ ಹೆಂಡತಿ ದೀಪಶ್ರೀ ಸಹಕಾರಿ ಬ್ಯಾಂಕಿನಲ್ಲಿ ಸಾಲದ ಕಾಗದ ನೋಡುವವಳು. ಸಣ್ಣ ಅಕ್ಷರದ ಷರತ್ತು ಓದದೆ ಸಹಿ ಹಾಕಬೇಡಿ ಎಂದು ಬಂದವರಿಗೆಲ್ಲ ಬುದ್ಧಿ ಹೇಳುತ್ತಾಳೆ. ಅಂಥವಳು ಮನೆಯಲ್ಲಿ, ಮಗಳು ಯಶಸ್ವಿನಿ ಅಕ್ಕಿರೊಟ್ಟಿ ಬೇಡವೆಂದು ಹಟ ಹಿಡಿದರೆ, ಶೋಕೇಸಿನಿಂದ ಒಂದು ಬಾರ್ ತೆಗೆದು ಕೈಗಿಟ್ಟು ಶಾಲೆಯ ವ್ಯಾನು ಹತ್ತಿಸಿಬಿಡುತ್ತಿದ್ದಳು. ಬಾದಾಮಿ ಇದೆಯಲ್ಲ, ಒಂದು ಹೊತ್ತಿನ ಊಟಕ್ಕೆ ಸಮ ಎಂದು ತನಗೆ ತಾನೇ ಸಮಾಧಾನ. ಬರಬರುತ್ತಾ ಮಧ್ಯಾಹ್ನದ ಡಬ್ಬಿಯೂ ಮುಚ್ಚಳ ತೆಗೆಯದೆ ವಾಪಸು ಬರತೊಡಗಿತು. ಆಗಲೂ ಅವಳು ಬಾರನ್ನೇ ಕೊಟ್ಟಳು.

ಒಂದು ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ಯಶಸ್ವಿನಿ ತಲೆ ತಿರುಗಿ ಬಿದ್ದಳು. ಸಾಗರದ ಮಕ್ಕಳ ಡಾಕ್ಟರು ಮಹಾಲಕ್ಷ್ಮೀ ರಕ್ತ ಪರೀಕ್ಷೆ ಮಾಡಿಸಿ, ರಕ್ತ ತೀರಾ ಕಡಿಮೆಯಿದೆ, ಏನು ತಿನ್ನುತ್ತಾಳೆ ಎಂದು ಕೇಳಿದರು. ಹುಡುಗಿಯೇ ಚೀಲದಿಂದ ಬಾರ್ ತೆಗೆದು ತೋರಿಸಿದಳು. ಡಾಕ್ಟರು ಅದನ್ನು ತಿರುಗಿಸಿ, ಹಿಂದೆ ಬರೆದದ್ದನ್ನು ಓದಿ ಎಂದು ದೀಪಶ್ರೀಯ ಕೈಗೇ ಕೊಟ್ಟರು. ಮೊದಲು ಗ್ಲುಕೋಸ್ ಪಾಕ, ಆಮೇಲೆ ಸಕ್ಕರೆ, ಆಮೇಲೆ ಎಣ್ಣೆ. ಬಾದಾಮಿ ಎಲ್ಲೋ ಕೊನೆಯಲ್ಲಿ, ಬಣ್ಣ ವಾಸನೆಗಳ ಪಕ್ಕದಲ್ಲಿತ್ತು.

“ಯಾವ್ದು ಹೆಚ್ಚು ಹಾಕಿದಾರೋ ಅದನ್ನ ಮೊದ್ಲು ಬರೀತಾರೆ,” ಎಂದರು ಡಾಕ್ಟರು. “ಅಪರೂಪಕ್ಕೊಂದು ತಿಂದ್ರೆ ಏನಾಗಲ್ಲ. ನೀವು ಊಟದ ಬದಲು ಕೊಟ್ಟಿದೀರಿ. ಹೊಟ್ಟೆ ತುಂಬಿದೆ ಅಂತ ನೀವು ಅಂದ್ಕೊಂಡಿದ್ರಿ. ಮಗು ಹಸ್ಕೊಂಡೇ ಇತ್ತು.”

ಅಂಥ ಒಂದು ಬಾರಿನ ದುಡ್ಡಿಗೆ ಮಗುವಿಗೆ ವಾರವಿಡೀ ದಿನಕ್ಕೊಂದು ಮೊಟ್ಟೆ ಬರುತ್ತಿತ್ತು. ಆ ಲೆಕ್ಕ ದೀಪಶ್ರೀಗೆ ಊರಿಗೆ ಮರಳುವ ಬಸ್ಸಿನಲ್ಲಿ ಹೊಳೆಯಿತು. ತೊಡೆಯ ಮೇಲೆ ಮಲಗಿದ್ದ ಮಗಳ ಬಿಳಿಚಿದ ಉಗುರುಗಳನ್ನು ನೋಡಲಾಗದೆ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಅತ್ತಳು.

ಅಂದಿನಿಂದ ತಿದ್ದಿಕೊಂಡಳು ಎಂದು ಬರೆದು ಮುಗಿಸಲು ನನಗೂ ಇಷ್ಟವೇ. ಮಗಳ ಮಟ್ಟಿಗೆ ತಿದ್ದಿಕೊಂಡಳು, ನಿಜ. ಆದರೆ ನೆಂಟರು ತಂದರೆ ಬೇಡವೆನ್ನೋಣ ಎಂದಾಗ ಮಾವ ವಾಸಪ್ಪನವರು ಒಪ್ಪಲಿಲ್ಲ. ಮಾಸ್ತಿಕಟ್ಟೆಯ ವಿದ್ಯುತ್ ಯೋಜನೆಯಲ್ಲಿ ದುಡಿದು ನಿವೃತ್ತರಾದ ಅವರಿಗೆ, ಬೇಯಿಸಿದ ಹಲಸಿನ ಬೀಜವನ್ನು ಜೇಬಿನಲ್ಲಿಟ್ಟು ಶಾಲೆಗೆ ಹೋಗಿ ನಗೆಪಾಟಲಾದದ್ದು ಇನ್ನೂ ಮರೆತಿಲ್ಲ. ಮೊಮ್ಮಕ್ಕಳಾದರೂ ಕಂಪನಿಯ ತಿಂಡಿ ತಿನ್ನಲಿ ಎಂಬುದು ಅವರ ಆಸೆ.

“ಪ್ರೀತಿಯಿಂದ ಕೊಟ್ಟಿದ್ದನ್ನ ಬೇಡ ಅಂದ್ರೆ ನಾಳೆ ನಮ್ಮನೆ ಮೆಟ್ಟಿಲು ಯಾರು ಹತ್ತುತಾರೆ ಮಾರಾಯ್ತಿ?” ಎಂದರು.

ದೀಪಶ್ರೀ ಪಟ್ಟು ಬಿಟ್ಟಳು. ಮರುವಾರ ಮಗಳನ್ನೂ ಮಾವನನ್ನೂ ಕರೆದುಕೊಂಡು ತುಮರಿಯಲ್ಲಿರುವ ನಾದಿನಿ ರಂಜನಾಳ ಮನೆಗೆ ಹೊರಟಾಗ ಶೋಕೇಸಿನಲ್ಲಿ ಉಳಿದಿದ್ದ ಬಾರುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡಳು. ಎಸೆಯಲು ಮನಸ್ಸು ಬರಲಿಲ್ಲ, ಬರಿಗೈಯಲ್ಲಿ ಹೋಗಲು ಮುಖವಿರಲಿಲ್ಲ. ಓದು ಬಲ್ಲ ಹೆಂಗಸು, ಅದರಲ್ಲೇನಿದೆಯೆಂದು ಗೊತ್ತಿದ್ದವಳು, ಅದನ್ನೇ ಹೊತ್ತು ಶರಾವತಿ ಹಿನ್ನೀರಿನ ಸೇತುವೆ ದಾಟಿದಳು. ನನಗೆ ಸಿಟ್ಟು ಬರುವುದು ಇಲ್ಲಿ.

ರಂಜನಾ ಜಗಲಿಯಲ್ಲಿ ಕೂತು ನಾಲ್ಕು ವರ್ಷದ ಮಗ ಪೂರ್ಣೇಶನಿಗೆ ತುಪ್ಪ ಹಚ್ಚಿದ ಕಡುಬು ತಿನ್ನಿಸಲು ಹೆಣಗುತ್ತಿದ್ದಳು. ಹುಡುಗ ಬಾಯಿ ಬಿಡುತ್ತಿರಲಿಲ್ಲ. ಅತ್ತಿಗೆಯ ಚೀಲ ಕಂಡದ್ದೇ ರಂಜನಾ ತಟ್ಟೆ ಪಕ್ಕಕ್ಕಿಟ್ಟು, ಒಂದು ಬಾರ್ ಬಿಡಿಸಿ ಅವನ ಕೈಗೆ ಕೊಟ್ಟಳು.

“ಇದಾದ್ರೆ ತಿಂತಾನೆ, ನೀವೂ ಅಪ್ಪನೂ ಬಂದಾಗೆಲ್ಲ ತರ್ತೀರಲ್ಲ. ಅತ್ತಿಗೆ ಓದಿದೋರು, ನೋಡಿಯೇ ತಂದಿರ್ತಾರೆ ಅಂತ ನಾನೂ ಕಣ್ಮುಚ್ಚಿ ಕೊಡ್ತೀನಿ,” ಎಂದು ನಕ್ಕಳು.

ಯಶಸ್ವಿನಿ ತಾಯಿಯ ಸೆರಗು ಎಳೆದಳು. “ಅಮ್ಮಾ, ಡಾಕ್ಟ್ರು ನಂಗೆ ಬೇಡ ಅಂದ್ರಲ್ಲ. ಅವ್ನಿಗೆ ಕೊಡ್ಬಹುದಾ?”

ವಾಸಪ್ಪನವರು ಮಕ್ಕಳ ಮಾತಿಗೆಲ್ಲ ಎಂಥ ಎಂದು ಮಾತು ತೇಲಿಸಲು ನೋಡಿದರು. ದೀಪಶ್ರೀಯ ಮುಖ ಕಪ್ಪಿಟ್ಟಿತು. ಅವಳು ಬಗ್ಗಿ ಹುಡುಗನ ಕೈಯಿಂದ ಬಾರನ್ನು ಕಿತ್ತುಕೊಂಡಳು. ಕೊಟ್ಟದ್ದನ್ನು ಮಗುವಿನ ಕೈಯಿಂದ ಕಿತ್ತುಕೊಳ್ಳುವುದು ನಮ್ಮ ಕಡೆ ಕೇಳರಿಯದ ಮಾತು. ಹುಡುಗ ಹೊರಳಾಡಿ ಅತ್ತ.

“ನನ್ನ ಮಗಳಿಗೆ ಬೇಡ ಅಂತ ಗೊತ್ತಿದ್ದೇ ನಿನ್ನ ಮಗಂಗೆ ತಂದೆ ರಂಜನಾ,” ಎಂದಳು. “ಬರಿಗೈಲಿ ಬರೋಕೆ ನಾಚಿಕೆ ಆಯ್ತು. ಇನ್ಮೇಲೆ ಇದನ್ನ ಯಾರ ಮನೆಗೂ ತರಲ್ಲ. ಯಾರು ತಂದ್ರೂ ತಗೊಳ್ಳಲ್ಲ. ಮಾವ, ನೀವು ತಂದ್ರೂ ಅಷ್ಟೇ.”

ಯಶಸ್ವಿನಿ ಬಿದ್ದದ್ದು, ರಕ್ತ ಕಡಿಮೆಯಾದದ್ದು, ಎಲ್ಲವನ್ನೂ ಅಲ್ಲೇ ನಿಂತು ಹೇಳಿದಳು. ರಂಜನಾ ಬೈಯಲಿಲ್ಲ. ಅಳುತ್ತಿದ್ದ ಮಗನನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಅವನ ಕಣ್ಣಿನ ಕೆಳಗಿನ ರೆಪ್ಪೆಯನ್ನು ಬೆರಳಿನಿಂದ ಎಳೆದು ನೋಡಿದಳು. ಒಳಬದಿ ಬೆಳ್ಳಗಿತ್ತು, ರಕ್ತದ ಕೆಂಪಿರಲಿಲ್ಲ.

“ಇವ್ನೂ ಸರಿಯಾಗಿ ಉಣ್ಣದೆ ಸುಮಾರು ದಿನ ಆಯ್ತು ಅತ್ತಿಗೆ,” ಎಂದಳು. “ಇವನ್ದೂ ರಕ್ತ ನೋಡಿಸ್ಬೇಕಾ?”



“ನೋಡಿಸ್ಬೇಕು,” ಎಂದವರು ವಾಸಪ್ಪನವರು. ಆ ಮಾತು ಹೇಳುವಾಗ ಅವರು ಮಗಳ ಮುಖ ನೋಡಲಿಲ್ಲ.