ಒದ್ದೆ ಅರಿವೆಯ ಸಪ್ಪಳ

ಲಾಕ್‌ಡೌನ್ ಬಂದು ಖಾನಾವಳಿ ಮುಚ್ಚಿದ ಮೇಲೂ ಬೈಲಹೊಂಗಲದ ಆ ಓಣಿಯಲ್ಲಿ, ಹೊತ್ತು ಮುಳುಗುವಾಗ ಮಹಾನಂದಾಳ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಒಂದು ದಿನವೂ ತಪ್ಪಿರಲಿಲ್ಲ. ಮೊದಲೆಲ್ಲ ದಿನಕ್ಕೆ ನೂರು ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಿದ್ದಳು. ಈಗ ಮನೆಯಲ್ಲಿ ಹಿಟ್ಟೇ ಇರಲಿಲ್ಲ. ಗಂಡ ನಿಂಗರಾಜ ಗೋವಾಕ್ಕೆ ಗಾರೆ ಕೆಲಸಕ್ಕೆ ಹೋದವನು ಅಲ್ಲೇ ಸಿಕ್ಕಿಬಿದ್ದಿದ್ದ. ರೇಷನ್ ಕಾರ್ಡು ಕಟಕೋಳದಲ್ಲಿದ್ದ ಅತ್ತೆಯ ಹತ್ತಿರ, ಹೋಗಿ ತರಲು ಬಸ್ಸಿಲ್ಲ.

ಸಪ್ಪಳದ ಗುಟ್ಟು ಹತ್ತು ವರ್ಷದ ಮಗಳು ಉಮಾಶ್ರೀಗೆ ಗೊತ್ತಿತ್ತು. ಅವ್ವ ಹಲಗೆಯ ಮೇಲೆ ಒದ್ದೆ ಅರಿವೆ ಮಡಚಿಟ್ಟು ಅಂಗೈಯಿಂದ ಬಡಿಯುತ್ತಿದ್ದಳು. ಬರೀ ಹಲಗೆ ಬಡಿದರೆ ಒಣ ಸಪ್ಪಳ, ಗೋಡೆಯಾಚೆ ತಿಳಿದುಬಿಡುತ್ತದೆ.

“ಮಹಾನಂದಾನ ಒಲಿ ಆರೇತಿ ಅಂತ ಮಂದಿ ಅನ್ನಬಾರ್ದು,” ಅನ್ನುತ್ತಿದ್ದಳು ಅವ್ವ. ಬೆಳಿಗ್ಗೆ ಒಂದು ಹೊತ್ತು ನುಚ್ಚಿನ ಗಂಜಿ, ಅಷ್ಟೇ.

ಗುರುವಾರ ಸಂಜೆ ಊರಿನ ನಾಲ್ಕು ಹುಡುಗರು ಬಡವರಿಗೆಂದು ಜೋಳ, ಬೇಳೆಯ ಚೀಲ ಹಂಚುತ್ತ ಬಂದರು. ಉಮಾಶ್ರೀ ಬಾಗಿಲ ಸಂದಿಯಿಂದ ನೋಡುತ್ತ ನಿಂತಳು. ಪಕ್ಕದ ಮನೆಯ ಮುದುಕಿ ಇಂದ್ರವ್ವ ಕಟ್ಟೆಯ ಮೇಲಿದ್ದಳು.

“ಆ ಮನಿಗ್ಯಾಕ್ರೋ? ಕೇಳ್ರಿ, ಹೆಂಗ ಬಡ್ಯಾಕ ಹತ್ಯಾಳ. ಆಕೀ ಕಡೆ ನಾವ ಹಿಟ್ಟು ಕಡ ಕೇಳಬೇಕು. ಇಲ್ಲದವರಿಗೆ ಕೊಡ್ರಿ.”

ಹುಡುಗರು ನಕ್ಕು ಮುಂದೆ ಹೋದರು. ಒಳಗೆ ಅವ್ವನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಇನ್ನೂ ಜೋರಾಗಿ ಬಡಿಯತೊಡಗಿತು.

ಮರುದಿನ ಸಂಜೆ ಉಮಾಶ್ರೀ ತಂಗಿಯನ್ನು ಹುಡುಕಿದಳು. ಐದು ವರ್ಷದ ಶಿವಾನಿ ಮೂಲೆಯಲ್ಲಿ ಕುಳಿತು ಗೋಡೆಯ ಸುಣ್ಣ ಕೆರೆದು ತಿನ್ನುತ್ತಿದ್ದಳು. ತುಟಿಯೆಲ್ಲ ಬೆಳ್ಳಗಾಗಿತ್ತು.

ಅವ್ವ ಆಗಲೇ ಹಲಗೆಯ ಮುಂದೆ ಕುಳಿತಿದ್ದಳು. ಉಮಾಶ್ರೀ ಹೋಗಿ ಅರಿವೆ ಎಳೆದುಕೊಂಡಳು.

“ಬಡೀಬ್ಯಾಡ ಯವ್ವಾ.”

“ಇಲ್ಲಿ ತಾ.”

ಕೊಡಲಿಲ್ಲ. ಮನೆ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಇಂದ್ರವ್ವನ ದನಿ ಬಂತು:

“ಮಹಾನಂದಾ, ಯಾಕ, ಇವತ್ತ ರೊಟ್ಟಿಗೆ ಸೂಟೀನ?”

ಅವ್ವ ಕಣ್ಣು ಕೆಂಪಗೆ ಮಾಡಿ ಬೇಡವೆಂದು ತಲೆಯಾಡಿಸಿದಳು. ಉಮಾಶ್ರೀ ಗೋಡೆಗೆ ಬಾಯಿ ಹಚ್ಚಿದಳು.

“ಹಿಟ್ಟಿಲ್ಲ ಆಯಿ. ಹನ್ನೊಂದ ದಿನಾತು.”

ನೂರು ರೊಟ್ಟಿ ಬಡಿಯುವ ಅಂಗೈ ಅವಳ ಕೆನ್ನೆಗೆ ಬಿತ್ತು.

ಬಹಳ ಹೊತ್ತಿನ ಮೇಲೆ ಇಂದ್ರವ್ವ ಬಾಗಿಲಿಗೆ ಬಂದಳು, ಕೈಯಲ್ಲಿ ಹಿಟ್ಟಿನ ಬುಟ್ಟಿ. ಯಾರ ಮುಖವನ್ನೂ ನೋಡಲಿಲ್ಲ.

“ನನ್ನ ಮುಂಗೈ ಹಿಡಕೊಂಡೈತಿ. ಆರು ರೊಟ್ಟಿ ಬಡದ ಕೊಡು. ನನಗ ಎರಡು ಸಾಕು.”

ಅವ್ವ ಒಲೆ ಹಚ್ಚಿದಳು. ಇಂದ್ರವ್ವನ ಎರಡು ತೆಗೆದಿಟ್ಟು, ಶಿವಾನಿಗೊಂದು ಕೊಟ್ಟು, ಉಮಾಶ್ರೀಯ ತಾಟಿಗೂ ಮುಖ ತಿರುಗಿಸಿಕೊಂಡೇ ಒಂದು ಹಾಕಿದಳು. ಉಳಿದೆರಡನ್ನು ನಾಳೆಗೆಂದು ಮುಚ್ಚಿಟ್ಟಳು. ತಾನು ತಿನ್ನಲಿಲ್ಲ.

ಉಮಾಶ್ರೀಗೆ ಅಗಿಯುವಾಗ ಕೆನ್ನೆ ನೋಯುತ್ತಿತ್ತು. ಇನ್ನೊಂದು ದವಡೆಯಲ್ಲಿ ಅಗಿದು ತಿಂದಳು. ಅಪ್ಪ ಗೋವಾದಿಂದ ಬರುವ ತನಕ ಅವ್ವ ಅವಳನ್ನು ಹೆಸರು ಹಿಡಿದು ಕರೆಯಲಿಲ್ಲ.