ತಲೆಯ ಮೇಲೊಂದು ಬೋಗುಣಿ ನೀರು

ನಾನು ಒಂದು ಧ್ವನಿವರ್ಧಕ ಪೆಟ್ಟಿಗೆ. ಮೊಣಕಾಲೆತ್ತರ, ಬೂದು ಬಣ್ಣ, ಎದುರಿಗೆ ಜಾಲರಿ. ಜಪಾನಿನ ಒಸಾಕಾದ ಸಣ್ಣ ಕಾರ್ಖಾನೆಯೊಂದರಲ್ಲಿ ನನ್ನನ್ನು ಮಾಡಿದ್ದು ಶಾಲೆಯ ಮಕ್ಕಳಿಗೆ ಬೆಳಗಿನ ವ್ಯಾಯಾಮ ಮಾಡಿಸಲಿಕ್ಕೆ. ಮೇಷ್ಟ್ರು "ಕೈ ಮೇಲೆ, ಕೈ ಕೆಳಗೆ" ಎಂದಿದ್ದನ್ನು ಮೈದಾನದ ತುದಿಗೆ ಮುಟ್ಟಿಸುತ್ತಿದ್ದೆ. ಹೊಸ ಪೆಟ್ಟಿಗೆ ಬಂದ ದಿನವೇ ನನ್ನನ್ನು ಗುಜರಿ ಅಂಗಡಿಗೆ ಸಾಗಹಾಕಿದರು.

ಅಲ್ಲಿಂದ ಎತ್ತಿಕೊಂಡು ಹೋದವನು ಶಿಗೇರು, ಭುಜದ ತನಕ ಕೂದಲು ಬಿಟ್ಟ ಗಿಟಾರ್ ವಾದಕ. ಅಂಗಡಿಯಲ್ಲೇ ಗಿಟಾರ್ ತಗುಲಿಸಿ ದನಿ ಏರಿಸುವ ನನ್ನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಅದುವರೆಗೆ ಯಾರೂ ಹಾಗೆ ಮಾಡಿರಲಿಲ್ಲ. ನಾನು ಗೊರಗೊರ ಅರಚಿಬಿಟ್ಟೆ.

"ಕೆಟ್ಟಿದೆ, ಬೇರೆ ತಗೊಳ್ಳಿ" ಎಂದ ಅಂಗಡಿಯವ.

"ಇಲ್ಲ, ಈಗ ಸರಿಯಾಗಿದೆ" ಎಂದ ಶಿಗೇರು. ಆ ಒಂದು ಮಾತಿಗೆ ನಾನು ಅವನವನಾಗಿಬಿಟ್ಟೆ.

ಅವನ ಬ್ಯಾಂಡಿನ ಹೆಸರಿಗೆ ನೀಲಿ ಹಬೆ ಎಂದು ಅರ್ಥ. ಡ್ರಮ್ಸ್ ಬಾರಿಸುವವಳು ಯಾಸುಕೊ. ಉಮೆನೊ ಎಂಬ ಅವಳ ಅಜ್ಜಿ ಬೀದಿಯವರಿಗೆಲ್ಲ ಒಂದು ಸ್ನಾನದ ಮನೆ ನಡೆಸುತ್ತಿದ್ದಳು. ವಾರದ ರಜೆಯ ದಿನ ಗಂಡಸರ ಕಡೆಯ ಹಜಾರ ನಮ್ಮದು. ಬಾರಿಸಿ ಮುಗಿಸಿದ ಮೇಲೆ ನೆಲ ತಿಕ್ಕಿ ಹೋಗಬೇಕು, ಅಷ್ಟೇ ಕರಾರು. ಮೊದಲ ದಿನ ಅಜ್ಜಿ ಓಡಿ ಬಂದು, "ಇದೇನು ಸಂಗೀತವೋ, ಬಾಯ್ಲರ್ ಸಿಡೀತೋ?" ಎಂದಳು. ಮುಂದಿನ ವಾರ ಕೂರಲು ದಿಂಬು ತಂದಳು.

ಇವರ ಪದ್ಧತಿಯೇ ಬೇರೆ. ಒಂದು, ಎರಡು ಎಂದು ಎಣಿಸಿ ಶುರುಮಾಡುವವರಲ್ಲ. ಶಿಗೇರು ಒಂದೇ ಸ್ವರ ಹಿಡಿದು ನಿಲ್ಲುತ್ತಿದ್ದ. ಅದು ನನ್ನಿಂದ ಹೊರಟು ಗೋಡೆಗೋಡೆಗೆ ಬಡಿದು ತಿರುಗುತ್ತ, ಕಡೆಗೆ ದೊಡ್ಡ ತೊಟ್ಟಿಯ ನಿಂತ ನೀರು ನಡುಗಬೇಕು. ನಡುಗಿದೊಡನೆ ಯಾಸುಕೊಳ ಮೊದಲ ಪೆಟ್ಟು. ಕೆಲವೊಮ್ಮೆ ಅರ್ಧ ಗಂಟೆ ಕಾದರೂ ಬೇಸರಪಡುತ್ತಿರಲಿಲ್ಲ. ಅಂಥ ತಾಳ್ಮೆಯನ್ನು ನಾನು ಶಾಲೆಯಲ್ಲೂ ಕಂಡಿರಲಿಲ್ಲ.

ಸಂಗೀತ ಕಛೇರಿಗೆಂದು ಹೊರಗೆ ಹೋದಾಗ ತೊಟ್ಟಿ ಎಲ್ಲಿ ಸಿಗಬೇಕು? ಅಜ್ಜಿಯ ಹಳದಿ ಬೋಗುಣಿಯೊಂದು ಜೊತೆಗೆ ಬರುತ್ತಿತ್ತು. ಅದಕ್ಕೆ ನೀರು ತುಂಬಿ ಯಾಸುಕೊಳ ಎದುರಿಗಿಡುತ್ತಿದ್ದರು. ಜರ್ಮನಿಗೆ ಹೋದಾಗ ಅಲ್ಲಿನ ಪತ್ರಿಕೆಯವರು ಅದರಲ್ಲಿ ಜೆನ್ ಬೌದ್ಧರ ತತ್ವ ಹುಡುಕಿದರು. ಹುಡುಕಲಿ ಬಿಡಿ.

ಆಮೇಲೆ ಯಾಸುಕೊಳ ಕಿವಿ ಮಂದವಾಗುತ್ತ ಬಂತು. ಶುರುವಿಗಷ್ಟೇ ಅಲ್ಲ, ತಾಳಕ್ಕೂ ಅವಳು ನೀರಿನ ನಡುಕವನ್ನೇ ನೋಡತೊಡಗಿದಳು. ಡಾಕ್ಟರು ಬಾರಿಸುವುದನ್ನೇ ಬಿಡಿ ಎಂದರು. ಬಿಟ್ಟರೆ ಅವಳಿಗೆ ಉಳಿಯುವುದೇನು ಎಂದು ಶಿಗೇರುವಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳಿಗೆ ಒಳ್ಳೆಯದಾಗಲಿ ಎಂದು ಅವನು ಮುಂದಿನ ಕಛೇರಿಯಲ್ಲಿ ನನ್ನ ದನಿ ತಗ್ಗಿಸಿದ. ನೀರು ಅಲ್ಲಾಡಲಿಲ್ಲ. ಅವಳ ತಾಳ ದಾರಿ ತಪ್ಪಿತು. ಅವಳು ನಡುವೆಯೇ ಎದ್ದು, ಬೋಗುಣಿಯನ್ನು ತಂದು ನನ್ನ ತಲೆಯ ಮೇಲಿಟ್ಟಳು.

"ಜೋರಾಗಿ ನುಡಿಸು ಶಿಗೇರು. ನನಗಂತೂ ಕೇಳಲ್ಲ, ನೀರಿಗಾದರೂ ಕೇಳಲಿ."

ಮೈಯೆಲ್ಲ ಕರೆಂಟು ಇರುವವನ ನೆತ್ತಿಯ ಮೇಲೆ ನೀರು! ಜೀವ ಕೈಯಲ್ಲಿ ಹಿಡಿದು ನಿಂತೆ. ಆದರೆ ಆವತ್ತು ಅವಳು ಬಾರಿಸಿದ ಹಾಗೆ ಅದಕ್ಕೆ ಮುಂಚೆ ಬಾರಿಸಿರಲಿಲ್ಲ. ಕಣ್ಣು ನನ್ನ ತಲೆಯ ಮೇಲೇ ಇತ್ತು. ಹೀಗೇ ಎಷ್ಟೋ ವರ್ಷ ನಡೆಯಿತು.

ಒಮ್ಮೆ ನಗೋಯಾ ನಗರದ ಕಛೇರಿಯಲ್ಲಿ ಶಿಗೇರು ಆವೇಶದಲ್ಲಿದ್ದ. ನಾನು ಅದುರಿದ ರಭಸಕ್ಕೆ ನೀರು ತುಳುಕಿ ಒಳಗಿಳಿಯಿತು. ಚಟ್ ಎಂದೆ, ಮುಗಿಯಿತು. ನೀರು ನಿಂತಿತು, ಅವಳ ಕೋಲುಗಳೂ ನಿಂತವು. ಹಾಡು ಮುಗಿಯಿತೆಂದು ಜನ ಚಪ್ಪಾಳೆ ತಟ್ಟಿದರು. ಅವಳು ಓಡಿ ಬಂದು ತನ್ನ ಟವೆಲಿನಿಂದ ನನ್ನನ್ನು ಒರೆಸಿದಳು. ನನಗೆ ಅಳು ಬರುವ ಹಾಗಿದ್ದರೆ ಅತ್ತುಬಿಡುತ್ತಿದ್ದೆ.

ರಿಪೇರಿಯವರು ಕೈ ಚೆಲ್ಲಿದರು. ಗುಜರಿಗೆ ಕಳಿಸಲು ಯಾಸುಕೊ ಬಿಡಲಿಲ್ಲ. ಈಗ ನಾನು ಸ್ನಾನದ ಮನೆಯ ಮೂಲೆಯಲ್ಲಿ, ಹೊಸ ಪೆಟ್ಟಿಗೆಯೊಂದರ ಪಕ್ಕದಲ್ಲಿದ್ದೇನೆ. ಅರಚುವುದು ಅದು. ಬೋಗುಣಿ ಮಾತ್ರ ನನ್ನ ತಲೆಯ ಮೇಲೇ ಇರಬೇಕೆಂದು ಅವಳ ಹಟ.

ರಜೆಯ ದಿನ ಶಿಗೇರು ಸ್ವರ ಹಿಡಿಯುತ್ತಾನೆ. ನನ್ನೊಳಗೆ ಸದ್ದಿಲ್ಲ, ಅವಳ ಕಿವಿಯಲ್ಲೂ ಇಲ್ಲ. ಇಬ್ಬರೂ ಕಾಯುತ್ತೇವೆ. ನೆತ್ತಿಯ ಮೇಲೆ ನೀರು ಸಣ್ಣಗೆ ನಡುಗಿದ್ದು ನನಗೆ ತಿಳಿಯುವ ಹೊತ್ತಿಗೆ ಅವಳು ಕೋಲು ಎತ್ತಿರುತ್ತಾಳೆ.